ಅಲೆಮಾರಿಗೆ ಕಾಯಂ ವಿಳಾಸ

ಭದ್ರಾವತಿಯ ಹಳೇನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಮಗ, ವಿಐಎಸ್‌ಎಲ್‌ನಿಂದ ನಿವೃತ್ತರಾದ ಅಪ್ಪನ ಮುಂದೆ ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿದ.

“ಪೋರ್ಚುಗಲ್ ವೀಸಾಕ್ಕೆ ಅಪ್ಪ. ಡಿಜಿಟಲ್ ಅಲೆಮಾರಿಗಳಿಗೆ ಅಂತ 2022ರಲ್ಲಿ ಶುರು ಮಾಡಿದ್ರು.”

“ಅಲೆಮಾರಿಗೆ ಏನೇನು ಬೇಕಂತೆ?”

“ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಸಂಪಾದನೆ, ಪೊಲೀಸ್ ಸರ್ಟಿಫಿಕೇಟು, ವಿಮೆ, ಅಲ್ಲಿ ಉಳಿಯೋ ಮನೆ ವಿಳಾಸ.”

“ವಿಳಾಸ ಇದ್ದೋನು ಅಲೆಮಾರಿ ಹೆಂಗಾದ್ನೋ? ನಮ್ಮ ಕಡೆ ಹಕ್ಕಿಪಿಕ್ಕಿಯೋರು ನೋಡು, ಗಿಡಮೂಲಿಕೆ ಎಣ್ಣೆ ಮಾರ್ತಾ ಸುಡಾನ್ ಮುಟ್ಟಿದ್ರು. 2023ರಲ್ಲಿ ಯುದ್ಧ ಶುರುವಾದಾಗ ‘ಆಪರೇಷನ್ ಕಾವೇರಿ’ಲಿ ಕರ್ಕೊಂಡು ಬಂದ್ರಲ್ಲ, ಅವರು ಅಸಲಿ.”

ಅವರಿಗೆ ‘ಡಿಜಿಟಲ್’ ಎಂಬ ವಿಶೇಷಣ ಇರಲಿಲ್ಲ, ಅಷ್ಟೇ.

“ಥಾಯ್ಲೆಂಡೂ ಇದೆ. ಬ್ಯಾಂಕಲ್ಲಿ 5 ಲಕ್ಷ ಬಾತ್ ತೋರಿಸ್ಬೇಕು.”

“ನಿನ್ನ ಕಂಪನಿ ಏನಂತು?”

“ವಾರಕ್ಕೆ ಮೂರು ದಿನ ಬೆಂಗಳೂರು ಆಫೀಸಿಗೆ ಬಾ ಅಂತ ಮೇಲ್ ಬಂದಿದೆ.”

“ಹಾಗಾದ್ರೆ ಜನಶತಾಬ್ದಿಗೆ ಟಿಕೆಟ್ ಮಾಡ್ಸು.”