ನೂಲು ಕಾಣುವ ತನಕ

ನಮ್ಮ ಮಾವನವರ ಪ್ರಕಾರ ಬೈಕಿನ ಟೈರಿಗೆ ಎರಡೇ ಅವಸ್ಥೆ: ನೂಲು ಕಂಡಿಲ್ಲ, ನೂಲು ಕಂಡಿದೆ. ನೂಲು ಕಾಣದಿದ್ದರೆ ಅದು ಹೊಸ ಟೈರು. ಕಂಡರೂ ಗಾಬರಿಯಾಗಬೇಕಿಲ್ಲ, ಇನ್ನೊಂದು ಮಳೆಗಾಲ ದೂಡಬಹುದು. ಗೀರೆಲ್ಲ ಅಳಿಸಿ ಬೋಳಾದ ಟೈರನ್ನು ಕೈಯಲ್ಲಿ ಸವರುತ್ತಾ, "ಎಷ್ಟು ನುಣ್ಣಗಿದೆ ನೋಡಿ ಅಳಿಯಂದಿರೇ, ಇದಕ್ಕೆ ಮೊಳೆ ಕಚ್ಚೋದಾದ್ರೂ ಎಲ್ಲಿ?" ಎನ್ನುತ್ತಾರೆ. ಅವರದು ನೂರು ಸಿಸಿಯ ಬೈಕು. ಅದರ ಹಿಂದಿನ ಸೀಟಿನ ಮೇಲೆ ಒಮ್ಮೆ ಅಡಿಕೆ ಮೂಟೆ, ಒಮ್ಮೆ ಗ್ಯಾಸ್ ಸಿಲಿಂಡರು, ಮದುವೆಮುಂಜಿಯಿದ್ದರೆ ಅತ್ತೆಯವರು. ಇಷ್ಟು ಹೇರಿಯೂ "ಈಗಿನ ಕಂಪನಿಗಳ ರಬ್ಬರೇ ಸರಿಯಿಲ್ಲ" ಎಂಬ ದೂರು ಮಾತ್ರ ತಪ್ಪಿಲ್ಲ.

ಸರ್ಕಾರದ ಲೆಕ್ಕ ಬೇರೆ. ದ್ವಿಚಕ್ರ ವಾಹನದ ಟೈರಿನ ಗೀರು ಕಡೇಪಕ್ಷ 0.8 ಮಿಲಿಮೀಟರ್ ಆಳ ಇರಬೇಕು. ಅದಕ್ಕೆ ಸ್ಕೇಲು ಹಿಡಿದು ಕೂರಬೇಕಿಲ್ಲ. ಟೈರಿನ ಮಗ್ಗುಲಲ್ಲಿ ಪುಟ್ಟ ತ್ರಿಕೋಣವನ್ನೋ ಟಿ.ಡಬ್ಲ್ಯೂ.ಐ. ಎಂಬ ಅಕ್ಷರಗಳನ್ನೋ ಒತ್ತಿರುತ್ತಾರೆ. ಅದರ ನೇರಕ್ಕೆ ಗೀರಿನ ತಳದಲ್ಲಿ ರಬ್ಬರಿನ ಸಣ್ಣ ದಿಣ್ಣೆಯೊಂದಿರುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಆಯಸ್ಸು ಮುಗಿದಂತೆ. ಇದನ್ನು ಮಾವನವರಿಗೆ ಮೊಣಕಾಲೂರಿ ಕೂತು ತೋರಿಸಿದೆ. "ಹೊಸ ಟೈರ್ ಮಾರೋಕೆ ಅವರೇ ಮಾಡ್ಕೊಂಡಿರೋ ಗುರುತು ಅದು" ಎಂದು ಕಿಕ್ ಹೊಡೆದು ಹೊರಟೇಬಿಟ್ಟರು. ಗೀರಿರುವುದು ಚೆಂದಕ್ಕಲ್ಲ, ಮಳೆಯ ನೀರು ಟೈರಿನಡಿಯಿಂದ ಜಾರಿಹೋಗಲಿ ಅಂತ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಆಷಾಢದಲ್ಲಿ ಬೋಳು ಟೈರಿನಲ್ಲಿ ಇಳಿದವರು ಮನೆದೇವರ ಹೆಸರನ್ನು ಹದಿನಾಲ್ಕು ಸಲ ಹೇಳಿರುತ್ತಾರೆ.

ಟೈರು ಎಷ್ಟು ದಿನ ಬರುತ್ತದೆ ಎಂದು ಕೇಳುವುದು ನಮ್ಮ ರೂಢಿ. ಟೈರಿಗೆ ಗೊತ್ತಿರುವುದು ಕಿಲೋಮೀಟರು. ಸಾಧಾರಣ ಬೈಕಿನ ಹಿಂದಿನ ಟೈರು 25ರಿಂದ 30 ಸಾವಿರ ಕಿ.ಮೀ. ಬಂದರೆ ಮೋಸವಿಲ್ಲ. ಮುಂದಿನದು ಅದಕ್ಕಿಂತ ಹೆಚ್ಚು ಬಾಳುತ್ತದೆ. ಎಂಜಿನ್ ತಳ್ಳುವುದು ಹಿಂದಿನ ಚಕ್ರವನ್ನು, ಅಡಿಕೆ ಮೂಟೆ ಕೂರುವುದೂ ಅದರ ಮೇಲೇ. ನಮ್ಮ ಅಕ್ಕನ ಮಗನ ದೊಡ್ಡ ಬೈಕಿನದು ಇನ್ನೊಂದು ಕಥೆ. ಅದರ ರಬ್ಬರು ಮೆತ್ತಗೆ. ತಿರುವಿನಲ್ಲಿ ರಸ್ತೆಯನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ, ಹಾಗೆ ಹಿಡಿಯುತ್ತಲೇ ಸವೆಯುತ್ತದೆ. ಹತ್ತು ಸಾವಿರಕ್ಕೇ ಟೈರು ಮುಗಿಯಿತೆಂದು ಅವನು ಜಂಬದಿಂದ ಹೇಳಿಕೊಂಡರೆ ಮಾವನವರು ಎದ್ದು ಒಳಗೆ ಹೋಗುತ್ತಾರೆ. ಮೋಟೋಜಿಪಿ ರೇಸಿನ ಟೈರು ಒಂದೇ ರೇಸಿಗೆ, ಅಂದರೆ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸಿಗೆ ಮುಗಿದುಹೋಗುತ್ತದೆ ಎಂಬುದನ್ನು ನಾನಂತೂ ಅವರ ಕಿವಿಗೆ ಹಾಕಿಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಒಮ್ಮೆ ಹೋಗಿಬರುವಷ್ಟೂ ಆಗಲಿಲ್ಲ. ವಯಸ್ಸಾದವರು, ತಡೆಯಲಿಕ್ಕಿಲ್ಲ.

ಅಕ್ಕನ ಮಗನ ಚಿಂತೆ ಬೇರೆಯದೇ. ಬೈಕನ್ನು ಮಲಗಿಸಿ ತಿರುಗಿಸದಿದ್ದರೆ ಟೈರಿನ ಎರಡೂ ಅಂಚಿನಲ್ಲಿ ಒಂದೊಂದು ಪಟ್ಟಿ ಸವೆಯದೆ ಉಳಿಯುತ್ತದೆ. ಗೆಳೆಯರ ನಡುವೆ ಅದು ಪುಕ್ಕಲರ ಗುರುತು. ಒಂದು ಭಾನುವಾರ ಅವನು ಹಿತ್ತಿಲಲ್ಲಿ ಕೂತು ಬಡಗಿಯ ಉಪ್ಪುಕಾಗದದಿಂದ ಆ ಪಟ್ಟಿಯನ್ನು ಉಜ್ಜುತ್ತಿದ್ದ. ಒಂದೇ ಮನೆಯಲ್ಲಿ ಒಬ್ಬರು ಟೈರು ಸವೆದಿದ್ದರೂ ಇಲ್ಲ ಎನ್ನುವುದು, ಇನ್ನೊಬ್ಬರು ಸವೆಯದ್ದನ್ನು ಉಜ್ಜಿ ಸವೆಸುವುದು! ನಡುವೆ ಕೂತು ಪೇಪರು ಓದುವುದು ನನ್ನ ಪಾಲಿಗೆ ಬಂದ ಭಾಗ್ಯ.

ಸತ್ಯ ಗೊತ್ತಿರುವುದು ಬಸ್‌ಸ್ಟ್ಯಾಂಡ್ ಪಕ್ಕದ ಪಂಚರ್ ಅಂಗಡಿಯ ಭಾಯ್‌ಗೆ ಮಾತ್ರ. ಟೈರು ಕಳಚಿ ತೊಡೆಯ ಮೇಲಿಟ್ಟುಕೊಂಡು, ಅಂಗೈ ನೋಡಿ ಭವಿಷ್ಯ ಹೇಳುವವರಂತೆ ಗೀರುಗಳ ಮೇಲೆ ಬೆರಳಾಡಿಸುತ್ತಾರೆ. ಬರೀ ನಡುವೆ ಸವೆದಿದ್ದರೆ, "ಗಾಳಿ ಜಾಸ್ತಿ ಹೊಡಿಸ್ತೀರ, ಇಲ್ಲಾ ಬರೀ ಹೈವೇನಲ್ಲಿ ಓಡ್ತೀರ." ಎರಡೂ ಭುಜ ಸವೆದಿದ್ದರೆ, "ಗಾಳಿ ನೋಡಿ ಎಷ್ಟು ತಿಂಗಳಾಯ್ತು?" ಗಾಳಿ ಕಡಿಮೆಯಾದರೆ ಟೈರು ಉರುಳುವಾಗೆಲ್ಲ ಮಡಚಿ ಬಿಚ್ಚಿ ಕಾಯುತ್ತದೆ, ಕಾದ ರಬ್ಬರು ಬೇಗ ಸವೆಯುತ್ತದೆ. ಒಂದೇ ಕಡೆ ಅಂಗೈಯಗಲ ಚಪ್ಪಟೆಯಾಗಿದ್ದರೆ, "ಬ್ರೇಕ್ ಮೇಲೆ ನಿಂತ್ಕೊಂಡಿದೀರ. ನಾಯಿನಾ, ಹಸುನಾ?" ಒಂದೇ ಮಗ್ಗುಲು ತಿಂದಿದ್ದರೆ, ಚೈನು ಬಿಗಿ ಮಾಡಿದ ಹುಡುಗ ಚಕ್ರವನ್ನು ನೆಟ್ಟಗೆ ಕೂರಿಸಿಲ್ಲ ಎಂದರ್ಥ. ಸವೆದ ಟೈರಿಗೆ ಕಾದ ಕತ್ತಿಯಲ್ಲಿ ಮತ್ತೆ ಗೀರು ಕೆತ್ತಿಸಿಕೊಂಡು ಬಂದವನೊಬ್ಬನಿಗೆ ಮಾತ್ರ ಭಾಯ್ ಏನೂ ಹೇಳಲಿಲ್ಲ. ಗಾಳಿ ಹೊಡೆದು, ದುಡ್ಡೂ ಇಸಕೊಳ್ಳದೆ ಕಳಿಸಿದರು.

ಗಾಳಿ ತುಂಬಿದ ಟೈರು ಚಲಾವಣೆಗೆ ಬಂದದ್ದು 1888ರಲ್ಲಿ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿ ಸೈಕಲ್ಲಿಗೆಂದು ಅದನ್ನು ಮಾಡಿದ. ಮೊದಮೊದಲ ಟೈರುಗಳು ರಬ್ಬರಿನ ಬಿಳಿಚು ಬಣ್ಣದವೇ. ಆಮೇಲೆ ರಬ್ಬರಿಗೆ ಇಂಗಾಲದ ಮಸಿ ಬೆರೆಸಿದರು, ಬಾಳಿಕೆ ಹಲವು ಪಟ್ಟು ಹೆಚ್ಚಿತು. ಮಸಿ ಬಳಿಸಿಕೊಂಡು ಆಯಸ್ಸು ಹೆಚ್ಚಿಸಿಕೊಂಡದ್ದು ಲೋಕದಲ್ಲಿ ಟೈರು ಒಂದೇ ಇರಬೇಕು.

ಭಾಯ್ ಹತ್ತಿರ ಕಲಿತ ವಿದ್ಯೆ ಒಮ್ಮೆ ಕೆಲಸಕ್ಕೆ ಬಂತು. 2024ರಲ್ಲಿ ನೆಂಟರ ಹುಡುಗಿಗೆ ವರ ನೋಡಲು ಹೋಗಿದ್ದೆವು. ಒಳಗೆ ಜಾತಕ ಬಿಚ್ಚಿದ್ದರು. ಹುಡುಗ ದಿನವೂ ನಲವತ್ತು ಕಿಲೋಮೀಟರ್ ಬೈಕಿನಲ್ಲೇ ಆಫೀಸಿಗೆ ಓಡಾಡುತ್ತಾನೆ, ಬಹಳ ಚುರುಕು ಎಂದು ಅವನಮ್ಮ ಹೇಳುತ್ತಿದ್ದರು. ಎಲೆಯಡಿಕೆ ಉಗುಳಲು ಹೊರಗೆ ಬಂದವನು ಬೈಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ಟೈರಿನ ಮಗ್ಗುಲಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ 2319 ಎಂದಿತ್ತು. ಮೊದಲ ಎರಡು ಅಂಕಿ ವಾರ, ಉಳಿದೆರಡು ವರ್ಷ: 2019ರ 23ನೇ ವಾರ ಹುಟ್ಟಿದ ಟೈರು. ದಿನಕ್ಕೆ ನಲವತ್ತಾದರೆ ಐದು ವರ್ಷಕ್ಕೆ ಅರವತ್ತು ಸಾವಿರ. ಎರಡು ಜೊತೆ ಟೈರು ತಿಂದಿರಬೇಕಿತ್ತು. ಇಲ್ಲಿ ನೋಡಿದರೆ ಗೀರು ಪೂರಾ ಇದೆ, ಅಂಚಿನ ರಬ್ಬರ್ ಕೂದಲುಗಳೂ ಉದುರಿಲ್ಲ. ಮಗ್ಗುಲು ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣಗೆ ಬಿರುಕು ಬಿಟ್ಟಿದೆ. ನಿಂತಲ್ಲೇ ನಿಂತ ಟೈರನ್ನೂ ಬಿಸಿಲು ಗಾಳಿ ಬಿಡುವುದಿಲ್ಲ. ಐದಾರು ವರ್ಷವಾದರೆ ರಬ್ಬರು ಗಡುಸಾಗುತ್ತದೆ.

ಹೊರಗೆ ಬಂದ ಹುಡುಗ ನಾನು ಕೂತ ಭಂಗಿ ನೋಡಿಯೇ ಬೆವೆತ. "ಬಸ್ಸಲ್ಲೇ ಹೋಗೋದು ಸರ್" ಎಂದ ಮೆಲ್ಲಗೆ. "ಘಾಟಿ ರಸ್ತೆ ಅಂದ್ರೆ ಸ್ವಲ್ಪ ಭಯ."

ನಾನು ಬಾಯಿ ಬಿಡಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಅಜ್ಜಿ ಕೇಳಿಸಿಕೊಂಡಿದ್ದರು. "ಬಸ್ಸಲ್ಲಿ ಹೋಗೋನಾದ್ರೆ ಹೊತ್ತಿಗೆ ಸರಿಯಾಗಿ ಮನೆ ಸೇರ್ತಾನೆ, ಮಾತುಕತೆ ಮುಗಿಸಿ" ಎಂದು ಅಪ್ಪಣೆಯಾಯಿತು. ಮದುವೆಯೂ ಆಯಿತು. ಈಗ ಆ ಬೈಕನ್ನು ಓಡಿಸುವವಳು ಹುಡುಗಿ. ಬಿರುಕು ಬಿಟ್ಟ ಟೈರುಗಳನ್ನು ಮೊದಲ ವಾರವೇ ಕಿತ್ತೆಸೆದು ಹೊಸದು ಹಾಕಿಸಿದಳು. ಆ ಹೊಸ ಟೈರುಗಳನ್ನು ಮೊನ್ನೆ ಭಾಯ್ ತೊಡೆಯ ಮೇಲಿಟ್ಟುಕೊಂಡು ನೋಡಿ ಕೇಳಿದರು: "ಅಂಚಿನವರೆಗೂ ಸವೆದಿದೆ ಮೇಷ್ಟ್ರೇ, ಘಾಟಿಯಲ್ಲಿ ಚೆನ್ನಾಗಿ ಮಲಗಿಸಿ ಓಡಿಸಿದಾರೆ. ನಿಮ್ಮ ಅಕ್ಕನ ಮಗಂದಾ?"