ಎರಡನೇ ಸಾಲಿನ ಪಾಸು

ಸಾವ್ಕಾರ್ರು: ನಮ್ಮ ತೆರಿಗೆ ದುಡ್ಡಲ್ಲಿ ಈ ನಾಟಕದವರು ಬಣ್ಣ ಹಚ್ಕೊಂಡು ಕುಣೀಬೇಕಾ ಮೇಷ್ಟ್ರೇ? ರಂಗಾಯಣ ಯಾಕ್ ಬೇಕು?

ಮೇಷ್ಟ್ರು: 1989ರಲ್ಲಿ ಮೈಸೂರಲ್ಲಿ ಸರ್ಕಾರ ಶುರು ಮಾಡಿ, ರಂಗಕರ್ಮಿ ಬಿ.ವಿ. ಕಾರಂತರ ಕೈಗೆ ಕೊಟ್ಟಿದ್ದು ಸ್ವಾಮಿ. ಕಲಾವಿದರಿಗೆ ತಿಂಗಳ ಸಂಬಳ.

ಸಾವ್ಕಾರ್ರು: ನಾಟಕ ಆಡೋಕೆ ಸಂಬಳ?

ಮೇಷ್ಟ್ರು: ಕೆಲಸ ಮಾಡೋ ಹಾಗೆ ನಾಟಕ ಆಡೋರಿಗೂ ಸರ್ಕಾರವೇ ಕೊಡ್ತಿಲ್ವೇ?

ಸಾವ್ಕಾರ್ರು: ಚೆನ್ನಾಗಿದ್ರೆ ಜನ ಟಿಕೆಟ್ ತಗೊಂಡು ನೋಡ್ತಾರೆ ಬಿಡಿ.

ಮೇಷ್ಟ್ರು: ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ನೀವು ಟಿಕೆಟ್ ತಗೊಂಡ್ರಾ?

ಸಾವ್ಕಾರ್ರು: ಪಾಸ್ ಕಳ್ಸಿದ್ರು. ಎರಡನೇ ಸಾಲು. ಮೊದಲನೇದೇ ಕೊಡಬಹುದಿತ್ತು.

ಮೇಷ್ಟ್ರು: ದಸರಾಗೆ ಅರಮನೆ ಮುಂದೆ ಸಂಗೀತ ಕಛೇರಿ? ಅದೂ ತೆರಿಗೆ ದುಡ್ಡೇ.

ಸಾವ್ಕಾರ್ರು: ಛೆ, ಅದು ಪರಂಪರೆ! ಶಾಮಿಯಾನದ ಗುತ್ತಿಗೆ ನಮ್ಮ ಭಾವಮೈದಂದು.

(ಸರ್ಕಾರದಿಂದ ಮಾಸಾಶನ ಕೇಳುವ ಮುದಿ ಕಲಾವಿದ ತಾನು ಕಲಾವಿದನೆಂದು ದಾಖಲೆ ಸಮೇತ ರುಜುವಾತು ಮಾಡಬೇಕು. ಶಾಮಿಯಾನದವನಿಗೆ ಬಿಲ್ ಸಾಕು.)