ಉಣಕಲ್ ಕೆರೆಯ ಅಂತರಗಂಗೆಗೊಂದು ಬಹಿರಂಗ ಪತ್ರ

ಕೆರಿ ತುಂಬ ಹಬ್ಬಿದ ಜಲಕಳೆ ಶ್ರೀಮತಿ ಅಂತರಗಂಗವ್ವನವರಿಗೆ ಗುಡಗೇರಿಯಿಂದ ಸಾಷ್ಟಾಂಗ ನಮಸ್ಕಾರ. ಇತ್ತಕಡೆ ನಾವು ಕ್ಷೇಮ. ನಿಮ್ಮ ಕ್ಷೇಮ ಕೇಳೂದೇನ ಬ್ಯಾಡ, ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನ್ಯಾಗ ಕುಂತರ ಕಾಣತೈತಿ.

ಹುಬ್ಬಳ್ಳಿಗೆ ಪ್ರವಾಸಿಗರು ಬರಾಂಗಿಲ್ಲ ಅಂತ ದೊಡ್ಡವರು ಚಿಂತಿ ಮಾಡತಾರ. ನಿಮ್ಮನ್ನ ಲೆಕ್ಕಕ್ಕ ಹಿಡದಿಲ್ಲ ಅಂತ ಕಾಣತೈತಿ. ದಕ್ಷಿಣ ಅಮೆರಿಕದ ಅಮೆಜಾನ್ ಹೊಳಿ ಬಿಟ್ಟು, ನೇರಳಿ ಹೂವಿನ ಚಂದ ತೋರಿಸಿ, 19ನೇ ಶತಮಾನದ ಕೊನಿಗೆ ಬಂಗಾಲಕ್ಕ ಕಾಲಿಟ್ಟವರು ನೀವು. ಅವತ್ತಿನಿಂದ ವೀಸಾ ಇಲ್ಲ, ರಿಟರ್ನ್ ಟಿಕೆಟ್ ಇಲ್ಲ. ಇಷ್ಟು ವರ್ಷ ಠಿಕಾಣಿ ಹೂಡಿದ ವಿದೇಶಿ ಅತಿಥಿ ಇನ್ನೊಬ್ಬರನ್ನ ತೋರಿಸಲಿ!

ಈ ಕೆರಿ ಹಿಂದಿನ ಕತಿ ನಿಮಗ ಯಾರು ಹೇಳಿರತಾರ? ನೂರು ವರ್ಷ ದಾಟಿದ, ಸುಮಾರು 200 ಎಕರೆ ಕೆರಿ ಇದು. ಒಂದು ಕಾಲಕ್ಕ ಹುಬ್ಬಳ್ಳಿ ಮಂದಿ ಇದರ ನೀರು ಕುಡದಾರ. ಆಮ್ಯಾಲೆ ಕಲಘಟಗಿ ಸೀಮಿಯೊಳಗ ನೀರಸಾಗರ ಜಲಾಶಯ ಆತು, ಅದೂ ಸಾಲದ ಸವದತ್ತಿ ಕಡೆಯಿಂದ ಮಲಪ್ರಭಾ ನೀರು ಬಂತು. ಕುಡಿಯೂದು ನಿಂತ ಮ್ಯಾಲೆ ಕೆರಿಗೆ ಎರಡು ನೌಕರಿ ಕೊಟ್ಟರು: ದಂಡಿಗೆ ಪಾರ್ಕು, ಒಳಗ ಗಟಾರ. ನಟ್ಟನಡುವೆ ವಿವೇಕಾನಂದರನ್ನ ನಿಲ್ಲಿಸಿ ಬೋಟು ಬಿಟ್ಟರು. ಉಣಕಲ್ಲಿನ ಓಣಿಯೊಳಗ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಐತಿ, ಗರ್ಭಗುಡಿಯೊಳಗ ಚತುರ್ಮುಖ ಲಿಂಗ. ಸೆಲ್ಫಿಗೆ ಬಂದವರು ಅಲ್ಲಿತನಕ ಹೋಗೂದು ಅಪರೂಪ. ಮಿರ್ಚಿ-ಗಿರಮಿಟ್ಟು ಈ ಕಡೆ ಸಿಗತಾವಲ್ಲ!

ನಿಮ್ಮನ್ನ ಆಗಾಗ ಕಿತ್ತು ದಂಡಿಗೆ ಒಟ್ಟತಾರ. ಹಸರು ರಾಶಿ ಕರ್ರಗ ಕೊಳತು, ಅದರ ರಸ ಸೋರಿ ಮತ್ತ ಕೆರಿಗೇ ಇಳೀತೈತಿ. ನೀರಾಗ ನಿಮ್ಮ ತುಂಡೊಂದು ಉಳದರ ಸಾಕು, ಎರಡು ವಾರಕ್ಕ ಇಮ್ಮಡಿ. ಉಣ್ಣಾಕೇನು ಕಮ್ಮಿ ಐತಿ? ಸುತ್ತಲಿನ ಬಡಾವಣಿ ಗಟಾರದಾಗ ಸಾರಜನಕ, ರಂಜಕ ತಾನಾಗೇ ಹರದು ಬರತಾವು. ಬಡಸವರನ್ನ ಬಿಟ್ಟು, ಪಂಗತಿಯೊಳಗ ಕುಂತವರನ್ನ ಎಬ್ಬಸಾಕ ಟೆಂಡರ್ ಕರಿಯೋ ನ್ಯಾಯ ಇದು.

ಗುಡಗೇರಿಯವಂಗ ಹುಬ್ಬಳ್ಳಿ ಕೆರಿ ಉಸಾಬರಿ ಯಾಕ ಅಂತೀರೇನು? ನಮ್ಮ ಕಡೆ ಕುಡಿಯೋ ಕೆರಿಗೆ ಯಾವನರ ಎಮ್ಮಿ ಇಳಿಸಿದರ, ಏರಿ ಮ್ಯಾಲೆ ಕುಂತ ಮುದುಕರು ಅವನ ಮೂರು ತಲಿಮಾರು ಜಾಲಾಡತಾರ. ದವಾಖಾನಿಗೋ ಜವಳಿಗೋ ರೈಲು ಹತ್ತಿ ಹುಬ್ಬಳ್ಳಿಗೆ ಬಂದವರು ನಾವು ಈ ಕೆರಿ ದಂಡಿಗೆ ಬುತ್ತಿ ಬಿಚ್ಚತೇವಿ. ಒಂದು ಕೈಲೆ ಮೂಗು ಹಿಡಕೊಂಡು ಇನ್ನೊಂದು ಕೈಲೆ ರೊಟ್ಟಿ ಮುರಿಯೂದು ನಮಗಿನ್ನೂ ರೂಢಿ ಆಗಿಲ್ಲ. ಪಾಯಖಾನಿ ನೀರು ಬಿಟ್ಟವರನ್ನ ಬೈಯಾಕ ಇಲ್ಲಿ ಒಬ್ಬ ಮುದುಕನೂ ಕಾಣಲಿಲ್ಲ.

ಇರಲಿ. ಪ್ರವಾಸೋದ್ಯಮದವರು ಇನ್ನೊಮ್ಮೆ ಬ್ಯಾನರ್ ಹಾಕಸೋವಾಗ ವಿವೇಕಾನಂದರ ಬಾಜೂಕ ನಿಮ್ಮ ಹೂವಿಂದೂ ಒಂದು ಫೋಟೋ ಇರಲಿ ಅಂತ ಅರ್ಜಿ ಕೊಡಾಂವಿದ್ದೇನಿ.

ಇಂತಿ,
ಗುಡಗೇರಿಯ ಒಬ್ಬ ಬುತ್ತಿಗಾರ

ತಾ.ಕ.: ಗಟಾರದ ಬಾಯಿ ಬಂದ್ ಮಾಡತೇವಿ ಅಂತ ಚುನಾವಣಿಯೊಳಗ ಯಾರರ ಅಂದರ ಗಾಬರಿ ಆಗಬ್ಯಾಡ್ರಿ. ಅವರ ಅವಧಿ 5 ವರ್ಷ. ನಿಮ್ಮ ಬೀಜ ಕೆಸರಿನ್ಯಾಗ 15 ವರ್ಷ ಸುಮ್ಮನ ಕುಂಡ್ರತಾವು.